ಲೀಟರಿಗೆ ಹತ್ತು ಪಾಯಿಂಟ್ ಎಂಟು

ಕಾರಿನ ಕೆಳಗೆ ಬೆಂಕಿ ಹೊತ್ತಿಕೊಂಡಾಗ ನಾನು ರಸ್ತೆಯನ್ನು ನೋಡುತ್ತಿರಲಿಲ್ಲ. ಸ್ಟೀರಿಂಗ್ ಹಿಂದಿನ ಪುಟ್ಟ ಪರದೆಯ ಮೇಲೆ ಮಿನುಗುತ್ತಿದ್ದ ಒಂದು ಅಂಕಿಯನ್ನು ನೋಡುತ್ತಿದ್ದೆ. 10.8.

ಗಾಬರಿಯಾಗಬೇಡಿ. ಕಾರಿನಲ್ಲಿದ್ದ ಮೂವರೂ ಚೆನ್ನಾಗಿದ್ದೇವೆ. ಅದಾಗಿ ಹದಿನೈದು ದಿನವಾಯಿತು. ಈಗ ನೆನೆಸಿಕೊಂಡರೆ ಮೈ ನಡುಗುವುದಿಲ್ಲ, ಒಂದು ದೊಡ್ಡ ಉಸಿರು ತಾನಾಗಿ ಹೊರಬರುತ್ತದೆ. ಆ ಉಸಿರನ್ನು ನಿಮ್ಮೆದುರಿಗೇ ಬಿಟ್ಟು ಹಗುರಾಗೋಣ ಅಂತ ಈ ಬರಹ. (ವಸಡಿನ ಆರೈಕೆ ಬಗ್ಗೆ ಬರೆಯಿರಿ ಎಂದು ಪತ್ರ ಹಾಕಿದ್ದ ಓದುಗರು ದಯವಿಟ್ಟು ಒಂದು ವಾರ ಹಲ್ಲು ಕಚ್ಚಿಕೊಂಡಿರಬೇಕು.)

ನಾನು ಹಿಂದೂಪುರದಲ್ಲಿ ಹಲ್ಲಿನ ಡಾಕ್ಟರು ಅನ್ನುವುದು ನಿಮಗೆ ಗೊತ್ತು. ನನ್ನ ಬಳಿ ಒಂದು ಹಳೆಯ ಐಷಾರಾಮಿ ಕಾರಿದೆ ಅನ್ನುವುದು ಗೊತ್ತಿಲ್ಲ. ಇಷ್ಟು ದಿನ ಹೇಳಿರಲಿಲ್ಲ, ಸ್ವಲ್ಪ ನಾಚಿಕೆ.

ಜರ್ಮನಿಯ ಕಾರು. ಹೆಸರು ಬೇಡ. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಹದಿಮೂರು ವರ್ಷ ವಯಸ್ಸು, ಕಡುನೀಲಿ ಬಣ್ಣ. ಬೆಂಗಳೂರಿನ ದೊಡ್ಡ ಮನುಷ್ಯರೊಬ್ಬರು ಕೊಂಡು, ಓಡಿಸಿ, ಬೇಜಾರಾಗಿ ಮಾರಿದ್ದು. ಅನಂತಪುರದವರೊಬ್ಬರು ಕೊಂಡು, ಪೆಟ್ರೋಲ್ ಹಾಕಿಸಿ ಹಾಕಿಸಿ ಸುಸ್ತಾಗಿ ಮಾರಿದ್ದು. ಮೂರನೆಯವಳು ನಾನು. ಬೆಂಗಳೂರು ಹತ್ತಿರವಿರುವ ನಮ್ಮಂಥ ಊರುಗಳಿಗೆ ಇಂಥ ಕಾರುಗಳು ಹೀಗೇ ಬಂದು ಸೇರುತ್ತವೆ. ಹೊಸ ಸಣ್ಣ ಕಾರಿಗಿಂತ ಅಗ್ಗಕ್ಕೆ ಸಿಗುತ್ತವೆ. ಕೊಳ್ಳುವುದು ಸುಲಭ. ಸಾಕುವುದು ಕಷ್ಟ.

ಕೊಂಡ ದಿನದಿಂದ ಊರಿನವರು ಕೇಳುವುದು ಒಂದೇ ಪ್ರಶ್ನೆ. ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದುಕೊಂಡು ಕೂತವರೂ ಇಂಜೆಕ್ಷನ್ನಿಗೆ ಮೊದಲು ಅದನ್ನೇ ಕೇಳುತ್ತಾರೆ. 'ಎಂತ ಇಸ್ತುಂದಿ ಮೇಡಂ?' ಎಷ್ಟು ಕೊಡುತ್ತೆ? ಎಮ್ಮೆ ಎಷ್ಟು ಕರೆಯುತ್ತೆ ಅಂತ ಕೇಳಿದ ಹಾಗೆ.

ಏನು ಹೇಳಲಿ? ಊರೊಳಗೆ ಲೀಟರಿಗೆ ಐದೂವರೆ. ಹೈವೇಯಲ್ಲಿ ಎಂಟು, ಒಂಬತ್ತು. ನಾನು ಮಾತ್ರ 'ಹತ್ತರ ಹತ್ತಿರ' ಅನ್ನುತ್ತಿದ್ದೆ. ಹತ್ತಿರ ಅನ್ನುವುದು ಬಹಳ ವಿಶಾಲವಾದ ಮಾತು.

ಹಾಗಾದರೆ ಏಕೆ ಕೊಂಡೆ? ಶೋಕಿಗೆ ಅಂದುಕೊಳ್ಳುತ್ತೀರಿ. ನಮ್ಮವರೂ ಹಾಗೇ ಅಂದರು. ಆದರೆ ನನ್ನ ಕಾರಣ ಬೇರೆ ಇತ್ತು. ಎಂಟು ವರ್ಷದ ಹಿಂದೆ ನಮ್ಮ ಸಣ್ಣ ಕಾರಿನಲ್ಲಿ ಸೋಮಂದೇಪಲ್ಲಿಯಿಂದ ಬರುವಾಗ ಕಡಲೆಕಾಯಿ ಮೂಟೆಯ ಲಾರಿಯೊಂದನ್ನು ಓವರ್‌ಟೇಕ್ ಮಾಡಲು ಹೋದೆ. ಎದುರಿಗೆ ಬಸ್ಸು ಬಂತು. ಪೆಡಲನ್ನು ತಳಕ್ಕೆ ಒತ್ತಿದೆ. ಕಾರು ಗೊಂಯ್ ಎಂದಿತೇ ಹೊರತು ಮುಂದೆ ಹೋಗಲಿಲ್ಲ. ಲಾರಿಯ ಡ್ರೈವರ್ ಬ್ರೇಕ್ ಹಾಕಿ ಜಾಗ ಕೊಟ್ಟದ್ದರಿಂದ ಉಳಿದೆ. ಇಪ್ಪತ್ತೆರಡು ಕಿಲೋಮೀಟರ್ ಕೊಡುವ ಕಾರು ಆ ನಾಲ್ಕು ಸೆಕೆಂಡು ಕೊಡಲಿಲ್ಲ. ಅಂದಿನಿಂದ ಪವರ್ ಅಂದರೆ ನನಗೆ ಧಿಮಾಕಲ್ಲ. ಎದುರಿನ ಬಸ್ಸಿಗಿಂತ ಮೊದಲು ನನ್ನ ಪಕ್ಕಕ್ಕೆ ನಾನು ವಾಪಸ್ ಬರುತ್ತೇನೆ ಅನ್ನುವ ಭರವಸೆ.

ನಮ್ಮವರು ಇದನ್ನು ಒಪ್ಪುವುದಿಲ್ಲ. ಜೂನಿಯರ್ ಕಾಲೇಜಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಹೇಳಿ ರಿಟೈರ್ ಆದವರು. ಬಲ ಬೇರೆ, ಶಕ್ತಿ ಬೇರೆ, ದುಂದು ಬೇರೆ ಎನ್ನುತ್ತಾರೆ. ರೇಷ್ಮೆ ಗೂಡಿನ ಮಾರ್ಕೆಟ್ ಮುಂದೆ ಆಟೋಗಳ ನಡುವೆ ಸಿಕ್ಕಿಕೊಂಡಾಗಲೆಲ್ಲ, ಬಾನೆಟ್ ಕಡೆ ಬೆರಳು ತೋರಿಸಿ, ಇನ್ನೂರೈವತ್ತು ಕುದುರೆ ನಿಂತಲ್ಲೇ ಮೇಯುತ್ತಿವೆ ನೋಡು ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬರುವುದು ಮಾತು ನಿಜವಾಗಿರುವುದರಿಂದ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಕಲ್ಯಾಣದುರ್ಗದಿಂದ ಫೋನ್ ಬಂತು. ಅಲ್ಲಿ ನಮ್ಮವರ ಅಕ್ಕ ಸರೋಜಕ್ಕನ ಮನೆಯಿದೆ. ಸರೋಜಕ್ಕನ ಮಗಳ ಮಗುವಿಗೆ ನಾಮಕರಣ, ಹನ್ನೊಂದೂವರೆಗೆ ಮುಹೂರ್ತ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವರು ನಮ್ಮತ್ತೆ, ಮಗುವಿನ ಮುತ್ತಜ್ಜಿ. ಎಂಬತ್ತೊಂದು ವರ್ಷ. ಕಿವಿ, ಕಣ್ಣು, ಮೂಗು ಎಲ್ಲ ಚುರುಕು. ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ಅದೇ ಫೋನಿನಲ್ಲಿ ಸರೋಜಕ್ಕನ ಗಂಡ, ನಮ್ಮ ಭಾವ, ಇನ್ನೊಂದು ವಿಷಯ ಹೇಳಿದರು. ಬೆಳುಗುಪ್ಪದ ಕಡೆಯ ಒಬ್ಬ ಹುಡುಗ ಕಂಟ್ರಾಕ್ಟ್ ಕೆಲಸ ಮಾಡಿಕೊಂಡು ಚೆನ್ನಾಗಿದ್ದಾನೆ, ನನ್ನ ಕಾರಿನ ಮೇಲೆ ಅವನ ಕಣ್ಣಿದೆ, ಹೇಗೂ ಬರುತ್ತೀರಿ, ತೋರಿಸಿ ಅಂತ. ಭಾವನದು ಡೀಸೆಲ್ ಸಣ್ಣ ಕಾರು. ಅದು ಲೀಟರಿಗೆ ಎಷ್ಟು ಕೊಡುತ್ತದೆ ಅನ್ನುವುದನ್ನು ಅವರು ಮದುವೆಮನೆ, ತಿಥಿಮನೆ ಎರಡರಲ್ಲೂ ಹೇಳುತ್ತಾರೆ.

ನಾನು ಮಾರುವುದಿಲ್ಲ ಅಂದೆ. ನಮ್ಮವರು ಒಂದು ಪಂಥ ಹಾಕಿದರು. ಹಿಂದೂಪುರದಲ್ಲಿ ಟ್ಯಾಂಕಿನ ಕುತ್ತಿಗೆವರೆಗೂ ತುಂಬಿಸುವುದು, ಕಲ್ಯಾಣದುರ್ಗದಲ್ಲಿ ಮತ್ತೆ ತುಂಬಿಸುವುದು. ಲೀಟರಿಗೆ ಹತ್ತು ದಾಟಿದರೆ ಕಾರು ನಿನ್ನದು, ನಾನು ಇನ್ನು ಬಾಯಿ ಬಿಡುವುದಿಲ್ಲ. ದಾಟದಿದ್ದರೆ ಆ ಹುಡುಗನಿಗೆ ಬೀಗದ ಕೈ ಅಂದರು.

ನಾನು ಒಪ್ಪಿದೆ. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಅವರು ಬಾಯಿ ಬಿಡದೆ ಇರುವುದು ಅಂದರೆ ಸಣ್ಣ ಬಹುಮಾನವೇ?

ಬೆಳಿಗ್ಗೆ ಏಳಕ್ಕೆ ಹೊರಟೆವು. ನಾನು ಡ್ರೈವಿಂಗಿಗೆ, ಪಕ್ಕದಲ್ಲಿ ನಮ್ಮವರು, ಅವರ ಹಿಂದಿನ ಸೀಟಿನಲ್ಲಿ ಅತ್ತೆ. ಅತ್ತೆಯ ಚೀಲದಲ್ಲಿ ಮಗುವಿಗೆಂದು ಮಾಡಿಸಿದ ಬೆಳ್ಳಿಯ ಉಡಿದಾರ.

ತಲೆಯ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡು ನಡೆಯುತ್ತಾರಲ್ಲ, ಹಾಗೆ ಓಡಿಸಿದೆ. ಅರವತ್ತೈದು ದಾಟಲಿಲ್ಲ. ಬ್ರೇಕ್ ಮುಟ್ಟಲಿಲ್ಲ. ಇಳಿಜಾರು ಸಿಕ್ಕಲ್ಲಿ ಕಾಲೆತ್ತಿದೆ. ಎಸಿ ಹಾಕಲಿಲ್ಲ, ಅದು ಪೆಟ್ರೋಲ್ ಕುಡಿಯುತ್ತದೆ. ನಾಲ್ಕೂ ಕಿಟಕಿ ಅರ್ಧ ಇಳಿಸಿದೆ. ಅತ್ತೆ ಸೆರಗು ತಲೆಗೆ ಸುತ್ತಿಕೊಂಡು, ಇಷ್ಟು ದೊಡ್ಡ ಕಾರಿನಲ್ಲಿ ಗಾಳಿಯನ್ನೂ ರಸ್ತೆಯಿಂದಲೇ ತಗೊಳ್ಳಬೇಕಾ ಅಂತ ಕೇಳಿದರು. ಇವತ್ತೊಂದು ದಿನ ಅಂದೆ.

ಸೋಮಂದೇಪಲ್ಲಿಯಲ್ಲಿ ಅಂಕಿ 9.6. ಪೆನುಕೊಂಡದಲ್ಲಿ 10.2. ಹೈವೇ ಬಿಟ್ಟು ಕಲ್ಯಾಣದುರ್ಗದ ಕಡೆಗೆ ತಿರುಗಿದ ಮೇಲೂ ಅದು ಏರುತ್ತಲೇ ಹೋಯಿತು. ನಮ್ಮವರು ಕಿಟಕಿಯಾಚೆ ನೋಡುತ್ತ ಮೌನವಾದರು. ಆ ಮೌನದ ರುಚಿ ನೋಡುತ್ತ ನಾನು ಇನ್ನಷ್ಟು ಹುಷಾರಾಗಿ ಓಡಿಸಿದೆ.

ಕಲ್ಯಾಣದುರ್ಗಕ್ಕೆ ಇನ್ನು ಸುಮಾರು ಇಪ್ಪತ್ತೈದು ಕಿಲೋಮೀಟರ್ ಇರಬೇಕು. ರಸ್ತೆಯ ಮೇಲೆ ಹುರುಳಿ ಒಕ್ಕಣೆ ಹಾಕಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಕಿತ್ತ ಹುರುಳಿ ಗಿಡವನ್ನು ಟಾರ್ ಮೇಲೆ ಹರವಿದರೆ ಓಡಾಡುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ. ಆಮೇಲೆ ಹೊಟ್ಟು ಎತ್ತಿ, ಕಾಳು ಗುಡಿಸಿಕೊಳ್ಳುತ್ತಾರೆ. ಮೊಣಕಾಲೆತ್ತರ ಇತ್ತು, ಒಣಗಿ ಗರಿಗರಿಯಾಗಿತ್ತು. ಒಂದು ಫರ್ಲಾಂಗಿನಷ್ಟು ಉದ್ದ. ಎಡಕ್ಕೆ ಒಂದು ಕಾರು ಹೋಗುವಷ್ಟು ಮಣ್ಣಿನ ದಾರಿಯನ್ನೂ ಬಿಟ್ಟಿದ್ದರು.

ಆ ಮಣ್ಣಿನ ದಾರಿಗೆ ಇಳಿಯಬೇಕಿತ್ತು. ಇಳಿಯಲಿಲ್ಲ.

ಏಕೆ ಗೊತ್ತೇ? ಇಳಿಯಬೇಕಾದರೆ ಬ್ರೇಕ್ ಹಾಕಬೇಕು. ಫಸ್ಟ್ ಗೇರಿನಲ್ಲಿ ತೆವಳಬೇಕು. ಮತ್ತೆ ರಸ್ತೆಗೆ ಹತ್ತಿ ವೇಗ ತೆಗೆದುಕೊಳ್ಳಬೇಕು. ಅಷ್ಟರಲ್ಲಿ 10.8 ಹೋಗಿ 10.5 ಆಗುತ್ತದೆ. ಅದಕ್ಕೆ ಒಪ್ಪದೆ ನೆಟ್ಟಗೆ ಹುರುಳಿಯ ಮೇಲೇ ಬಿಟ್ಟೆ. ಕಾರಿನ ಹೊಟ್ಟೆಯ ಕೆಳಗೆ ಕರಕರ ಸದ್ದು. ಅಂಕಿ ಅಲ್ಲಾಡಲಿಲ್ಲ. ನನಗೆ ಖುಷಿ.

ಅರ್ಧ ದಾರಿಯಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು.

'ಏನೋ ಕಮಟು ವಾಸ್ನೆ ಬತ್ತೈತೆ ಕಣಮ್ಮ.'

ಹೊಲದಲ್ಲಿ ಯಾರೋ ಏನೋ ಸುಡುತ್ತಿರಬೇಕು ಅಂದೆ. ಅಂಕಿಯಿಂದ ಕಣ್ಣು ತೆಗೆಯಲಿಲ್ಲ.

'ಹೊಲ್ದಾಗಲ್ಲ. ನನ್ ಕಾಲ್ ಕೆಳ್ಗೆ.'

ನಮ್ಮವರು ತಿರುಗಿ ನೋಡಿದರು. ಎಡಗಡೆಯ ಕನ್ನಡಿಯಲ್ಲಿ ಬಿಳಿ ಹೊಗೆ. ನನ್ನ ಕಾಲು ಬ್ರೇಕಿಗೆ ಹೋಯಿತು.

'ನಿಲ್ಲಿಸ್ಬೇಡ' ಅಂದರು ನಮ್ಮವರು. ಕೂಗಲಿಲ್ಲ. ಕ್ಲಾಸಿನಲ್ಲಿ ಹೇಳುವ ದನಿ. 'ಹೊಟ್ಟಿನ ಮೇಲೆ ನಿಂತ್ರೆ ಎಲ್ಲ ಹತ್ಕೊಳ್ಳತ್ತೆ. ದಾಟು ಮೊದ್ಲು.'

ಆಗ ಒತ್ತಿದೆ. ಎರಡು ಗಂಟೆ ಕಾಲ ಹೂವಿನ ಹಾಗೆ ಮುಟ್ಟಿದ್ದ ಪೆಡಲನ್ನು ನೆಲಕ್ಕೆ ತಾಗುವಂತೆ ಒತ್ತಿದೆ. ಕಾರು ಎರಡು ಗೇರು ಕೆಳಗಿಳಿದು, ಒಂದು ಗರ್ಜನೆ ಮಾಡಿ, ಬೆನ್ನನ್ನು ಸೀಟಿಗೆ ಒತ್ತಿ ಹಾರಿತು. ಹುರುಳಿ ಗಿಡಗಳ ಮೇಲೆ ಹಿಂದಿನ ಚಕ್ರ ಒಮ್ಮೆ ಜಾರಿತು, ಹಿಡಿದುಕೊಂಡಿತು. ಉಳಿದ ನೂರು ಮೀಟರು ಮೂರೋ ನಾಲ್ಕೋ ಸೆಕೆಂಡಿನಲ್ಲಿ ಮುಗಿಯಿತು. ಬರಿಯ ಟಾರ್ ರಸ್ತೆ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಆರಿಸಿದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಎಸಿ ಹಾಕಿ ಗಾಜು ಏರಿಸಿಕೊಂಡಿದ್ದರೆ ಅತ್ತೆಯ ಮೂಗಿಗೆ ವಾಸನೆ ಬರುತ್ತಿರಲಿಲ್ಲ. ಆ ಕಾರಿನೊಳಗೆ ಗಾಜು ಮುಚ್ಚಿದರೆ ಹೊರಗಿನ ಲೋಕವೇ ಇಲ್ಲ. ಜಿಪುಣತನ ನಮ್ಮನ್ನು ಎಚ್ಚರಿಸಿತು. ಆರು ಸಿಲಿಂಡರು ನಮ್ಮನ್ನು ಹೊಟ್ಟಿನಿಂದಾಚೆ ಎಸೆಯಿತು. ಮೈಲೇಜೋ ಪವರೋ ಅಂತ ಎರಡು ವರ್ಷ ಜಗಳವಾಡಿದ ಗಂಡ ಹೆಂಡತಿ ಇಬ್ಬರೂ ಗೆದ್ದೆವು ಅಂತ ಕತೆ ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ಅತ್ತೆ ಇನ್ನೂ ಒಳಗೇ ಇದ್ದರು.

ನಾನು ಇಳಿದೆ. ನಮ್ಮವರು ಇಳಿದರು. ಎಡಗಡೆ ಹಿಂದಿನ ಚಕ್ರದ ಹತ್ತಿರ, ಅತ್ತೆಯ ಬಾಗಿಲಿನ ಕೆಳಗೇ, ಒಂದು ಕೆಂಪು ನಾಲಿಗೆ ಆಡುತ್ತಿತ್ತು. ಅತ್ತೆ ಒಳಗಿನಿಂದ ಹಿಡಿಕೆ ಎಳೆಯುತ್ತಿದ್ದರು. ಬಾಗಿಲು ತೆರೆಯಲಿಲ್ಲ.

'ಬಾಗ್ಲು ಬತ್ತಿಲ್ಲ ಕಣಪ್ಪ' ಅಂದರು ಮಗನಿಗೆ.

ಜೋರಾಗಿ ಎಳಿ ಅಂದರು ಇವರು. ಎಳೆದರು. ಇಲ್ಲ. ನಾನು ಬೀಗದ ಕೈಯ ಬಟನ್ ಒತ್ತಿದೆ. ನಾಲ್ಕೂ ಬಾಗಿಲಿನ ಲಾಕ್ ಟಕ್ ಎಂದಿತು. ಅತ್ತೆ ಮತ್ತೆ ಎಳೆದರು. ಇಲ್ಲ. ಹೊರಗಿನ ಹಿಡಿಕೆಗೆ ಕೈ ಹಾಕೋಣ ಅಂದರೆ ಅಲ್ಲೇ ಉರಿ. ಇವರು ಕೈ ಚಾಚಿ, ಶಾಖಕ್ಕೆ ಹಿಂದೆ ಸರಿದರು. ಸುತ್ತಿಕೊಂಡು ಬಲಗಡೆಗೆ ಓಡಿದೆವು. ಆ ಬಾಗಿಲು ಹೊರಗಿನಿಂದ ತೆರೆಯಿತು.

ಈ ಕಡೆ ಸರಿದು ಬನ್ನಿ ಅಂದೆ. ಅತ್ತೆ ಸರಿಯಲು ನೋಡಿದರು. ಆಗಲಿಲ್ಲ.

ಇಂಥ ಕಾರುಗಳಲ್ಲಿ ಇಂಜಿನ್ ಮುಂದಿರುತ್ತದೆ, ತಿರುಗುವುದು ಹಿಂದಿನ ಚಕ್ರ. ಮುಂದಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ದಂಡವೊಂದು ಕಾರಿನ ನಡುವೆ ಹಾದುಹೋಗುತ್ತದೆ. ಅದಕ್ಕಾಗಿ ಹಿಂದಿನ ಸೀಟಿನ ಮುಂದೆ ಒಂದು ದಿಬ್ಬ. ಯಾವ ಪವರನ್ನು ನಾನು ಹೊಗಳಿಕೊಂಡು ತಿರುಗುತ್ತಿದ್ದೆನೋ ಅದು ಹಾದುಹೋಗುವ ದಿಬ್ಬ. ಎಂಬತ್ತೊಂದು ವರ್ಷದ ಮಂಡಿಗಳು ಅದನ್ನು ದಾಟಲಾರದೆ ನಿಂತುಬಿಟ್ಟವು. ಸೀಟು ಬೇರೆ ಹಳ್ಳದ ಹಾಗೆ ಆಳ. ಮೆತ್ತಗೆ ಹಿಡಿದುಕೊಂಡು ಕೂರಿಸುವ ಸೀಟು ಮೆತ್ತಗೆ ಹಿಡಿದುಕೊಂಡೇ ಇತ್ತು.

ನಾನು ಮುಂದಿನ ಸೀಟಿನಿಂದ ಒಳಕ್ಕೆ ತೂರಿ ಅತ್ತೆಯ ಕಾಲನ್ನು ಎತ್ತಿ ದಿಬ್ಬದ ಮೇಲಿಟ್ಟೆ. ಇವರು ಆ ಕಡೆಯಿಂದ ಕೈ ಹಿಡಿದು ಎಳೆದರು. ಒಂದು ಗೇಣು ಬಂದರು. ಕಾರಿನೊಳಗೆ ಹೊಗೆ ತುಂಬುತ್ತಿತ್ತು. ಅತ್ತೆ ಕೂಗಲಿಲ್ಲ, ಅಳಲಿಲ್ಲ. ನನ್ನ ಮುಖ ನೋಡಿ, 'ನೀನ್ ಹೋಗಮ್ಮ ಆಚೆ' ಅಂದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿರುವಾಗ ಥಟ್ಟನೆ ಕೇಳಿಸುತ್ತದೆ.

ಅಷ್ಟರಲ್ಲಿ ಯಾರೋ ನಮ್ಮವರನ್ನು ಭುಜ ಹಿಡಿದು ಪಕ್ಕಕ್ಕೆ ತಳ್ಳಿದರು. ಹುರುಳಿ ಹಾಕಿದ್ದ ಹೆಂಗಸು. ಒಕ್ಕಣೆಯ ತುದಿಯಿಂದ ಓಡಿ ಬಂದಿದ್ದಳು. ಹನುಮಕ್ಕ ಅಂತ ಹೆಸರು, ಆಮೇಲೆ ತಿಳಿದದ್ದು. ನಲವತ್ತೈದು ಇರಬಹುದು. ಸೀರೆಯ ಮೇಲೆ ಗಂಡನ ಅಂಗಿ ತೊಟ್ಟಿದ್ದಳು. ಬಗ್ಗಿ ಒಳಗೆ ಅರ್ಧ ಮೈ ಹಾಕಿ, ಅತ್ತೆಯ ಎರಡೂ ಕಂಕುಳಿಗೆ ಕೈ ಕೊಟ್ಟು, ಕಡಲೆಕಾಯಿ ಮೂಟೆಯನ್ನು ಎತ್ತುವ ಹಾಗೆ ಒಂದೇ ಎಳೆತಕ್ಕೆ ಹೊರಗೆ ತೆಗೆದಳು. ಎತ್ತಿಕೊಂಡೇ ಹತ್ತು ಮಾರು ದೂರ ನಡೆದು ಬೇವಿನ ಮರದ ಕೆಳಗೆ ಕೂರಿಸಿದಳು.

ಅಲ್ಲಿ ಕೂತ ಮೇಲೆ ಅತ್ತೆ ಆಡಿದ ಮೊದಲ ಮಾತು, ಉಡಿದಾರದ ಚೀಲ ಎಲ್ಲಿ ಅಂತ. ನಾವು ತಡೆಯುವಷ್ಟರಲ್ಲಿ ಇವರು ಓಡಿ ಅದನ್ನು ತಂದರು. (ಫಿಸಿಕ್ಸ್ ಓದಿದವರಿಗೂ ತಾಯಿ ತಾಯಿಯೇ.)

ಹನುಮಕ್ಕನ ಗಂಡ ಅಷ್ಟು ಹೊತ್ತಿಗೆ ರಸ್ತೆಯ ಮೇಲೆ ಅಂಗಾತ ಮಲಗಿ, ಹೊಟ್ಟು ತಿರುವುವ ಕವೆಗೋಲಿನಿಂದ ಕಾರಿನ ಕೆಳಗೆ ಸಿಕ್ಕಿಕೊಂಡಿದ್ದ ಉರಿಯುವ ಹುರುಳಿ ಬಳ್ಳಿಯನ್ನು ಎಳೆದೆಳೆದು ಹೊರಗೆ ಹಾಕುತ್ತಿದ್ದ. ಹನುಮಕ್ಕ ಮಂಕರಿಯಲ್ಲಿ ಮಣ್ಣು ತುಂಬಿ ಎರಚಿದಳು. ಕುಡಿಯಲು ತಂದಿದ್ದ ಎರಡು ಬಿಂದಿಗೆ ನೀರು ಹೋಯಿತು. ಒಕ್ಕಣೆಯ ತುದಿಗೆ ಕಿಡಿ ಬಿದ್ದು ಹತ್ತಿಕೊಂಡಿದ್ದನ್ನು ನಾವಿಬ್ಬರೂ ಗೋಣಿಚೀಲ ಹಿಡಿದು ಬಡಿದೆವು. ಐದು ನಿಮಿಷ ಇರಬಹುದು, ಹತ್ತು ಇರಬಹುದು. ಎಲ್ಲ ಆರಿತು. ಕಾರಿನ ಕೆಳಗಿನಿಂದ ಪ್ಲಾಸ್ಟಿಕ್ ಕರಗಿ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.

ಜೀವ ಉಳಿದ ಕೂಡಲೇ ಮನುಷ್ಯ ಏನು ಮಾಡುತ್ತಾನೆ? ಕೈ ಮುಗಿಯಬೇಕು. ನಾನು ಸಿಟ್ಟು ಮಾಡಿದೆ. ರಸ್ತೆಯೇನು ನಿಮ್ಮ ಕಣವಾ, ಇಷ್ಟೆತ್ತರ ಹಾಕಿದರೆ ಕಾರು ಹೇಗೆ ಹೋಗಬೇಕು ಅಂತ ದನಿ ಏರಿಸಿದೆ.

ಹನುಮಕ್ಕ ನನ್ನನ್ನು ನೋಡಿದಳು. ಅವಳೂ ಏದುಸಿರು ಬಿಡುತ್ತಿದ್ದಳು. ಸಿಟ್ಟಿಗೆ ಸಿಟ್ಟು ಕೊಡಲಿಲ್ಲ.

'ತಪ್ಪೇ ಕಣಮ್ಮ. ಬಂಡೆ ಮ್ಯಾಲೆ ಹಾಕ್ತಿದ್ವಿ, ಕ್ವಾರಿಯೋರು ಅದ್ನ ಒಡ್ಕೊಂಡ್ ಹೋಗ್ಬುಟ್ರು. ಪಕ್ಕದಾಗೆ ದಾರಿ ಬಿಟ್ಟಿದ್ವಲ್ಲ, ನೀವ್ಯಾಕ್ ಮ್ಯಾಲೆ ಬಂದ್ರಿ?'

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಹತ್ತು ಪಾಯಿಂಟ್ ಎಂಟು ಕೆಡಬಾರದು ಅಂತ ಬಂದೆ ಅಂತ ಯಾವ ಭಾಷೆಯಲ್ಲಿ ಹೇಳಲಿ? ಕನ್ನಡದಲ್ಲೋ ತೆಲುಗಿನಲ್ಲೋ?

ಅವಳ ಗಂಡ ಬಗ್ಗಿ ಕಾರಿನ ಕೆಳಗೆ ಮತ್ತೊಮ್ಮೆ ನೋಡಿ, ಬೆಳಗಿನಿಂದ ಬಸ್ಸು, ಲಾರಿ, ಜೀಪು ಎಲ್ಲ ತುಳಿದುಕೊಂಡು ಹೋದವು, ಯಾವುದಕ್ಕೂ ಏನೂ ಆಗಲಿಲ್ಲ, ಈ ಕಾರು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುತ್ತದಲ್ಲ, ಅದಕ್ಕೇ ಹೀಗಾಯ್ತು ಅಂದ. ಇಂಥ ಕಾರುಗಳ ಬಗ್ಗೆ ಇಷ್ಟು ನೇರವಾದ ಮಾತನ್ನು ನಾನು ಯಾವ ಯೂಟ್ಯೂಬ್ ರಿವ್ಯೂನಲ್ಲೂ ಕೇಳಿರಲಿಲ್ಲ.

ತಪ್ಪು ನನ್ನದು ಅಂದೆ. ಅವಳ ಕೈ ಹಿಡಿದುಕೊಂಡೆ. ಅಳು ಬಂತು. ಅವಳು ಅಂಗಿಯ ತೋಳಿನಲ್ಲಿ ನನ್ನ ಮುಖದ ಮಸಿ ಒರೆಸಿದಳು.

ಆಮೇಲೆ ಅರ್ಧ ಗಂಟೆ ನಾವು ಅಲ್ಲೇ ಇದ್ದೆವು. ನನ್ನ ಚಕ್ರ ಚೆಲ್ಲಾಪಿಲ್ಲಿ ಮಾಡಿದ ಹುರುಳಿಯನ್ನು ಗುಡಿಸಿ ಕೊಡದೆ ಹೋಗಲು ಮನಸ್ಸಾಗಲಿಲ್ಲ. ನಾಮಕರಣಕ್ಕೆಂದು ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ನಮ್ಮವರು ಪೊರಕೆ ಹಿಡಿದರು. ಜರಿ ಅಂಚಿನ ಸೀರೆಯಲ್ಲಿ ನಾನು ಮೊರ ಹಿಡಿದೆ. ಸುಟ್ಟದ್ದು ಬಹಳವಿರಲಿಲ್ಲ, ಒಂದೆರಡು ಮಂಕರಿ ಹೊಟ್ಟು. ಬೇವಿನ ನೆರಳಲ್ಲಿ ಅತ್ತೆ ಹನುಮಕ್ಕನ ಊರು, ಮಕ್ಕಳು, ಯಾವ ದೇವರ ಒಕ್ಕಲು ಎಲ್ಲವನ್ನೂ ವಿಚಾರಿಸಿ ಮುಗಿಸಿದ್ದರು.

ಕಾರನ್ನು ಪಕ್ಕಕ್ಕೆ ತಳ್ಳಿಟ್ಟೆವು. ಮುಕ್ಕಾಲು ಗಂಟೆ ಕಾದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಸರ್ವಿಸ್ ಜೀಪೊಂದು ಬಂತು. ಹನ್ನೆರಡು ಜನರಿದ್ದರು, ಹದಿನೈದು ಜನರಾದೆವು. ಡ್ರೈವರ್ ಅತ್ತೆಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಸೀಟು ಅವರ ಸೊಂಟದ ಎತ್ತರಕ್ಕಿತ್ತು. ಕೂತುಕೊಂಡು ತಿರುಗಿದರು, ಅಷ್ಟೆ. ಮಂಡಿಗೆ ಏನೂ ಕೆಲಸವೇ ಬೀಳಲಿಲ್ಲ. ಇಡೀ ದಾರಿ ಹೊಲ, ಗುಡ್ಡ, ಕುರಿಮಂದೆ ನೋಡುತ್ತ ಹೋದರು. ನಿನ್ನ ಕಾರಲ್ಲಿ ನನಗೆ ಸೀಟಿನ ಬೆನ್ನು ಬಿಟ್ಟು ಏನೂ ಕಾಣ್ತಿರಲಿಲ್ಲ ಅಂತ ಹಿಂದಕ್ಕೆ ತಿರುಗಿ ಹೇಳಿದರು. ಎರಡು ವರ್ಷ ಅದನ್ನು ಯಾಕೆ ಹೇಳಲಿಲ್ಲ ಅಂದೆ. ನೀನು ಕೇಳಲಿಲ್ಲವಲ್ಲ ಅಂದರು.

ಹನ್ನೊಂದು ಇಪ್ಪತ್ತಕ್ಕೆ ಸರೋಜಕ್ಕನ ಮನೆ ಮುಂದೆ ಇಳಿದೆವು. ಮಸಿ ಮೆತ್ತಿದ ಮುಖ, ಹುರುಳಿ ಹೊಟ್ಟು ಅಂಟಿದ ತಲೆ. ಭಾವ ಬಾಗಿಲಲ್ಲೇ ನಿಂತಿದ್ದರು. ನಮ್ಮನ್ನು ದಾಟಿ ರಸ್ತೆಯ ಕಡೆ ಕಾರು ಹುಡುಕುತ್ತ, ಅವರು ಕೇಳಿದ ಮೊದಲ ಪ್ರಶ್ನೆ:

'ಎಷ್ಟ್ ಕೊಡ್ತು?'

ಉತ್ತರ ಹೇಳಿದ್ದು ಅತ್ತೆ. 'ಮೂರ್ ಜೀವ ವಾಪಸ್ ಕೊಡ್ತು ಕಣಪ್ಪ. ಇನ್ನೆಷ್ಟ್ ಕೊಡ್ಬೇಕು?'

ಭಾವ ಆ ದಿನವೆಲ್ಲ ಮತ್ತೆ ಮೈಲೇಜಿನ ಮಾತೆತ್ತಲಿಲ್ಲ. ಮುಹೂರ್ತ ತಪ್ಪಲಿಲ್ಲ. ಅತ್ತೆ ಉಡಿದಾರ ಕಟ್ಟಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಸರೋಜಕ್ಕ ಒಂದು ಲೋಟ ಕಾಫಿ ಕೈಗಿಟ್ಟಳು. ನನ್ನ ಜೀವನದಲ್ಲಿ ಅಷ್ಟು ರುಚಿಯಾದ ಕಾಫಿ ಕುಡಿದಿಲ್ಲ.

ಮರುದಿನ ಕಾರನ್ನು ಟೋ ಮಾಡಿಸಿಕೊಂಡು ಹಿಂದೂಪುರಕ್ಕೆ ತಂದೆವು. ನಮ್ಮ ಮೆಕ್ಯಾನಿಕ್ ಬಾಷಾ ಅದನ್ನು ಮೇಲೆತ್ತಿ, ಕೆಳಗೆ ನಿಂತು ಬಹಳ ಹೊತ್ತು ನೋಡಿದರು. ತಳಕ್ಕೆ ಹಾಕಿದ್ದ ಪ್ಲಾಸ್ಟಿಕ್ ತಟ್ಟೆ ಕರಗಿತ್ತು, ಒಂದಿಷ್ಟು ವೈರು ಸುಟ್ಟಿತ್ತು. ಕಾದ ಸೈಲೆನ್ಸರ್ ಪೈಪಿಗೂ ಆ ತಟ್ಟೆಗೂ ನಡುವೆ ಬಳ್ಳಿ ಸಿಕ್ಕಿಕೊಂಡು ಹತ್ತಿಕೊಂಡದ್ದು. ಪೆಟ್ರೋಲ್ ಪೈಪು ಎಲ್ಲಿದೆ ಅಂತ ಕೇಳಿದೆ. ಅವರು ಬೆರಳಿಟ್ಟು ತೋರಿಸಿದರು. ಸುಟ್ಟ ಜಾಗದಿಂದ ಒಂದು ಗೇಣು. ನಾನು ಅಲ್ಲೇ ಇದ್ದ ಹಳೆ ಟೈರಿನ ಮೇಲೆ ಕೂತೆ.

ಬಾಗಿಲು ಯಾಕೆ ತೆರೆಯಲಿಲ್ಲ? ಬಾಷಾ ಹಿಂದಿನ ಬಾಗಿಲು ತೆರೆದು, ಅದರ ಅಂಚಿನಲ್ಲಿದ್ದ ಉಗುರಿನಷ್ಟು ಚಿಕ್ಕ ಒಂದು ಗುಂಡಿಯನ್ನು ಬೀಗದ ಕೈಯಿಂದ ತಿರುಗಿಸಿದರು. ಚೈಲ್ಡ್ ಲಾಕ್. ಹಿಂದಿನ ಓನರ್ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಿರಬೇಕು, ಹಾಕಿ ಮರೆತಿದ್ದಾರೆ ಅಂದರು. ಅದನ್ನು ಹಾಕಿದ್ದರೆ ಒಳಗಿನಿಂದ ಏನು ಮಾಡಿದರೂ ಬಾಗಿಲು ತೆರೆಯುವುದಿಲ್ಲ.

ಎರಡು ವರ್ಷ ನಮಗೆ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು? ಅತ್ತೆ ಎಲ್ಲಿ ಇಳಿಯಬೇಕಾದರೂ ಇವರು ಓಡಿಹೋಗಿ ಹೊರಗಿನಿಂದ ಬಾಗಿಲು ತೆರೆಯುತ್ತಿದ್ದರು. ತಾಯಿಗೆ ಮರ್ಯಾದೆ. ಆ ಮರ್ಯಾದೆಯಲ್ಲಿ ಒಂದು ಸಲವಾದರೂ ಅವರು ತಾವೇ ತೆರೆದುಕೊಳ್ಳಲಿ ಅಂತ ನಮಗೆ ಹೊಳೆಯಲಿಲ್ಲ.

ಯೋಚಿಸಿ ನೋಡಿ. ಈ ಕಾರು ಕೊಳ್ಳುವ ಮೊದಲು ನಾನು ಮೂರು ತಿಂಗಳು ಓದಿದ್ದೆ. ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು ಅಂತ ಗೊತ್ತಿತ್ತು. ನಮ್ಮವರು ಊರೊಳಗೆ ಎಷ್ಟು, ಹೈವೇಯಲ್ಲಿ ಎಷ್ಟು ಅಂತ ಬಾಯಿಪಾಠ ಮಾಡಿದ್ದರು. ಊಟದ ಹೊತ್ತಲ್ಲಿ, ಮಲಗುವ ಹೊತ್ತಲ್ಲಿ ಅದೇ ವಾದ. ಹಿಂದಿನ ಸೀಟಿನಲ್ಲಿ ಕೂರುವ ಮೂರನೆಯವರು ಅದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದರು. ನಮ್ಮ ತಕ್ಕಡಿಯ ಒಂದು ತಟ್ಟೆಯಲ್ಲಿ ಪೆಟ್ರೋಲು, ಇನ್ನೊಂದರಲ್ಲಿ ಕುದುರೆ. ಅವರನ್ನು ಯಾವ ತಟ್ಟೆಯಲ್ಲೂ ಇಟ್ಟಿರಲಿಲ್ಲ.

ಪಂಥ ಏನಾಯಿತು ಅಂತ ಕೇಳುತ್ತೀರಿ. ಏನೂ ಆಗಲಿಲ್ಲ. ಟ್ಯಾಂಕ್ ಮತ್ತೆ ತುಂಬಿಸಲೇ ಇಲ್ಲ. ನಾವಿಬ್ಬರೂ ಆ ವಿಷಯ ಎತ್ತುವುದಿಲ್ಲ. ಎತ್ತದೇ ಇರುವುದು ಎಷ್ಟು ಹಗುರ ಅನ್ನುವುದು ಈಗ ಗೊತ್ತಾಗಿದೆ. ಕಳೆದ ವಾರ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟು ಪೂರ್ತಿ ಮೇಲೆತ್ತಿ, ಎಸಿ ಹಾಕಿ, ಪೇಟೆಯಲ್ಲಿ ಒಂದು ಸುತ್ತು ಬಂದೆ. ನಮ್ಮವರು ಹಿಂದೆ ಕೂತಿದ್ದರು. ಮಂಡಿ ಎದೆಗೆ ಬಂತು ಅಂದರು. ಗೂಡಿನ ಮಾರ್ಕೆಟ್ ಮುಂದೆ ಹತ್ತು ನಿಮಿಷ ನಿಂತಿದ್ದೆವು. ಕುದುರೆಗಳು ಮೇಯುತ್ತಿದ್ದವು. ಯಾರೂ ಏನೂ ಅನ್ನಲಿಲ್ಲ.

ಮೊನ್ನೆ ಭಾನುವಾರ ಬೆಳುಗುಪ್ಪದ ಆ ಹುಡುಗ ಹಿಂದೂಪುರಕ್ಕೇ ಬಂದ. ಕೊಡುವ ಮನಸ್ಸು ಅರ್ಧ, ಕೊಡದಿರುವ ಮನಸ್ಸು ಅರ್ಧ. ಏನನ್ನೂ ಮುಚ್ಚಿಡದೆ ನಡೆದದ್ದೆಲ್ಲ ಹೇಳಿದೆ. ಸುಟ್ಟ ಜಾಗ ತೋರಿಸಿದೆ. ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಕೊನೆಗೆ ಎರಡು ಪ್ರಶ್ನೆ ಕೇಳಿದ. ಮೈಲೇಜ್ ಎಷ್ಟು ಮೇಡಂ? ಪಿಕಪ್ ಹೆಂಗೈತೆ?

ಎರಡಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟೆ. ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಅಮ್ಮ ಇದ್ದಾರೆ, ದಪ್ಪಗಿದ್ದಾರೆ, ಸೊಂಟ ನೋವು ಜಾಸ್ತಿ ಅಂದ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬಾ, ಹಿಂದಿನ ಸೀಟಿನಲ್ಲಿ ಕೂರಿಸಿ, ತಾವಾಗಿ ಬಾಗಿಲು ತೆರೆದು ಇಳಿಯಲು ಎಷ್ಟು ಹೊತ್ತು ಬೇಕು ನೋಡೋಣ, ಆಮೇಲೆ ವ್ಯಾಪಾರದ ಮಾತು ಅಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡನೋ ಏನೋ. ನಕ್ಕು, ಆಗಲಿ ಅಂತ ಹೋದ. ಇನ್ನೂ ಬಂದಿಲ್ಲ.

ಅವನನ್ನು ಬಿಡಿ. ನಿಮ್ಮ ಕಾರು ಲೀಟರಿಗೆ ಎಷ್ಟು ಕೊಡುತ್ತದೆ ಅಂತ ನಾನು ಕೇಳುವುದಿಲ್ಲ. ಅದರ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತದಾ?